ನಾಮಿನೇಶನ್ ಪಟ್ಟಿ ಬಂತು: ಜಗಳಕ್ಕೆ ಕೂರುವ ಮೊದಲು

ಫಿಲ್ಮ್‌ಫೇರ್ ಇರಲಿ, ಐಫಾ ಇರಲಿ, ಸಂಗೀತ ವಿಭಾಗದ ನಾಮಿನೇಶನ್ ಪಟ್ಟಿ ಹೊರಬಿದ್ದ ಅರ್ಧ ಗಂಟೆಯೊಳಗೆ ಮುಂಬಯಿ ಸುತ್ತಲಿನ ಡೊಂಬಿವಲಿಯಿಂದ ಮೀರಾ ರೋಡ್‌ವರೆಗಿನ ಕನ್ನಡ ವಾಟ್ಸಾಪ್ ಗ್ರೂಪುಗಳೆಲ್ಲ ಕಾದ ಕಾವಲಿ. ‘ಆ ಹಾಡು ಎಲ್ಲಿ?’ ಎಂದು ಒಬ್ಬರು, ‘ಈ ಹಾಡು ಯಾಕೆ?’ ಎಂದು ಇನ್ನೊಬ್ಬರು. ಮೂರು ದಿನ ಕಳೆದರೂ ಎತ್ತು ಏರಿಗೆ, ಕೋಣ ನೀರಿಗೆ. ಒಬ್ಬರ ಮಾತು ರಾಗ ಹಾಕಿದವರ ಬಗ್ಗೆ, ಇನ್ನೊಬ್ಬರದು ಹಾಡಿದವರ ಬಗ್ಗೆ, ಮೂರನೆಯವರದು ಯೂಟ್ಯೂಬ್ ವೀಕ್ಷಣೆಯ ಬಗ್ಗೆ. ಹಾಡಿನ ಬಗ್ಗೆ ಜಗಳ ಶುರುವಾಗುವುದೇ ಇಲ್ಲ. ಅದನ್ನು ಶುರು ಮಾಡಿಸುವ ವಿಧಾನ ಇಲ್ಲಿದೆ: ಹನ್ನೆರಡು ಜನ, ನಾಲ್ಕು ವಿಭಾಗ, ಒಂದು ಸಂಜೆ, ಮೂರು ಗಂಟೆ.

ದಿನ ಮತ್ತು ಜಾಗ

ಭಾನುವಾರ ಬೆಳಗ್ಗೆ ಇಟ್ಟುಕೊಳ್ಳಬೇಡಿ. ಮೆಗಾ ಬ್ಲಾಕ್ (ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವುದು) ಸಾಮಾನ್ಯವಾಗಿ ಹನ್ನೊಂದರ ಆಸುಪಾಸಿನಿಂದ ನಾಲ್ಕರವರೆಗೆ ಇರುತ್ತದೆ. ಸೆಂಟ್ರಲ್ ಲೈನಿನವರು ಒಬ್ಬೊಬ್ಬರಾಗಿ ಬಂದು, ಪ್ರತಿಯೊಬ್ಬರಿಗೂ ಚರ್ಚೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಸಂಜೆ ಐದಕ್ಕೆ ಶುರು, ಎಂಟಕ್ಕೆ ಮುಗಿತಾಯ. ಜಾಗ ಮಾಟುಂಗಾ ಸುತ್ತಮುತ್ತ ಸಿಕ್ಕರೆ ಎಲ್ಲರಿಗೂ ಅನುಕೂಲ: ಸೆಂಟ್ರಲ್‌ನವರಿಗೆ ಮಾಟುಂಗಾ, ವೆಸ್ಟರ್ನ್‌ನವರಿಗೆ ಮಾಟುಂಗಾ ರೋಡ್, ಎರಡೂ ತಪ್ಪಿದರೆ ದಾದರ್ ಇದ್ದೇ ಇದೆ. ಯಾರದಾದರೂ ಮನೆಯಾದರೆ ಸೊಸೈಟಿಯ ನೆರೆಹೊರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿ ಹತ್ತರ ಮೇಲೆ 45. ಕೋಣೆಯೊಳಗೆ ಚೆನ್ನಾಗಿ ಕೇಳಲು 65ರಿಂದ 70 ಬೇಕು, ಆದ್ದರಿಂದ ಕಿಟಕಿ ಮುಚ್ಚಿ, ಫ್ಯಾನು ಮಧ್ಯಮದಲ್ಲಿಡಿ. ಫ್ಯಾನು ಜೋರಾಗಿದ್ದರೆ ಮೆಲುದನಿಯ ಹಾಡು ಅನ್ಯಾಯವಾಗಿ ಸೋಲುತ್ತದೆ.

ಒಬ್ಬರು ನಿರ್ವಾಹಕರಾಗಬೇಕು, ಅವರಿಗೆ ಮತವಿಲ್ಲ. ಉಳಿದ ಹನ್ನೊಂದು ಜನ ಮತದಾರರು. ಮತದಾರರ ಸಂಖ್ಯೆ ಬೆಸವಾಗಿರಲಿ, ಕಾರಣ ಮುಂದೆ ಬರುತ್ತದೆ. ನಿರ್ವಾಹಕರನ್ನು ಅಧ್ಯಕ್ಷರೆಂದು ಮಾತ್ರ ಕರೆಯಬೇಡಿ. ಮುಂಬಯಿ ಕನ್ನಡಿಗರಲ್ಲಿ ಅಧ್ಯಕ್ಷರೆಂದರೆ ಅಧ್ಯಕ್ಷೀಯ ಭಾಷಣ, ಭಾಷಣವೆಂದರೆ ಶಾಲು, ಶಾಲೆಂದರೆ ವಂದನಾರ್ಪಣೆ, ಅಲ್ಲಿಗೆ ಏಳೂವರೆ.

ವಿಭಾಗ ಯಾವುದಕ್ಕೆ, ಯಾರಿಗೆ

ಹಾಡು ಹಾಕುವ ಮೊದಲು ಪ್ರತಿ ವಿಭಾಗದ ತಲೆಬರಹದ ಕೆಳಗೆ ಒಂದು ಸಾಲು ಬರೆಯಿರಿ: ಈ ಪ್ರಶಸ್ತಿ ಯಾರ ಯಾವ ಕೆಲಸಕ್ಕೆ? ಹತ್ತು ನಿಮಿಷದ ಕೆಲಸ ಇದು, ಉಳಿಸುವುದು ಒಂದು ಗಂಟೆ. ಈ ಗೊಂದಲ ಪ್ರಶಸ್ತಿಗಳಷ್ಟೇ ಹಳೆಯದು. 1954ರ ಮೊದಲ ಫಿಲ್ಮ್‌ಫೇರ್‌ನಲ್ಲಿ ಇದ್ದದ್ದೇ ಐದು ಪ್ರಶಸ್ತಿ. ಅದರಲ್ಲಿ ಸಂಗೀತ ನಿರ್ದೇಶಕರದ್ದು ‘ಬೈಜು ಬಾವ್ರಾ’ಕ್ಕಾಗಿ ನೌಶಾದ್‌ಗೆ ಹೋಯಿತು. ಹಾಡುವವರಿಗೆ ವಿಭಾಗವೇ ಇರಲಿಲ್ಲ. ಶಂಕರ್–ಜೈಕಿಶನ್‌ಗೆ ‘ಚೋರಿ ಚೋರಿ’ಗಾಗಿ ಪ್ರಶಸ್ತಿ ಬಂದಾಗ ಸಮಾರಂಭದಲ್ಲಿ ಅದರ ಹಾಡು ಹಾಡಲು ಲತಾ ಮಂಗೇಶ್ಕರ್ ಒಪ್ಪಲಿಲ್ಲ: ಗಾಯಕರಿಗೆ ಪ್ರಶಸ್ತಿ ಇಲ್ಲದ ವೇದಿಕೆಯಲ್ಲಿ ಗಾಯಕಿ ಯಾಕೆ ಹಾಡಬೇಕು? 1959ರಲ್ಲಿ ಗಾಯನದ ವಿಭಾಗ ಬಂತು, ಮೊದಲ ಪ್ರಶಸ್ತಿ ಅವರದೇ.

ಇಂದಿನ ಪಟ್ಟಿಯಲ್ಲಿ ಹೆಚ್ಚು ಎಡವುವ ಜಾಗಗಳು ಇವು.

ಆಲ್ಬಮ್ ಮತ್ತು ಹಾಡು. ಫಿಲ್ಮ್‌ಫೇರ್‌ನ ಸಂಗೀತ ಪ್ರಶಸ್ತಿ ಇಡೀ ಆಲ್ಬಮ್‌ಗೆ, ಗಾಯನ ಮತ್ತು ಸಾಹಿತ್ಯದ್ದು ಒಂದೊಂದು ಹಾಡಿಗೆ. ಆರು ಹಾಡಿನಲ್ಲಿ ಒಂದು ಮಾತ್ರ ಬಾಯಲ್ಲಿ ನಿಂತಿರುವ ಆಲ್ಬಮ್‌ಗೆ ‘ಏನು ಹಾಡು ಮಾರಾಯ್ರೆ’ ಎಂದು ಮತ ಹಾಕಿದರೆ ವಿಭಾಗ ತಪ್ಪಿದಂತೆ. ಆಲ್ಬಮ್ ವಿಭಾಗಕ್ಕೆ ನಿಯಮ: ಹೆಸರು ಸೂಚಿಸುವವರು ಆ ಆಲ್ಬಮ್‌ನ ಕನಿಷ್ಠ ಮೂರು ಹಾಡಿನ ಬಗ್ಗೆ ಮಾತಾಡಬೇಕು.

ಹಲವು ಸಂಗೀತ ನಿರ್ದೇಶಕರು. ಈಗ ಒಂದು ಚಿತ್ರಕ್ಕೆ ಮೂರು, ನಾಲ್ಕು ಮಂದಿ ಸಂಗೀತ ಕೊಡುವುದು ಮಾಮೂಲು. 2014ರಲ್ಲಿ ಗೆದ್ದ ‘ಆಶಿಕಿ 2’ರ ಸಂಗೀತ ಮಿಥೂನ್, ಜೀತ್ ಗಂಗೂಲಿ, ಅಂಕಿತ್ ತಿವಾರಿ ಮೂವರದು. ಯಾವ ಹಾಡು ಯಾರದು ಎಂಬುದನ್ನು ಆ್ಯಪಿನ ಕ್ರೆಡಿಟ್ಸ್ ಪುಟದಿಂದ ಮೊದಲೇ ಬರೆದುಕೊಳ್ಳಿ. ಇಲ್ಲದಿದ್ದರೆ ಒಬ್ಬರ ಹಾಡಿಗೆ ಇನ್ನೊಬ್ಬರನ್ನು ಹೊಗಳುತ್ತೀರಿ.

ಮರುಸೃಷ್ಟಿ. ಹಳೆಯ ಹಾಡಿನ ಪಲ್ಲವಿ ಎತ್ತಿಕೊಂಡು ಹೊಸ ಚರಣ, ಹೊಸ ಬೀಟ್ ಹಾಕಿದ ಹಾಡು ಗಾಯನ ವಿಭಾಗಕ್ಕೆ ಧಾರಾಳವಾಗಿ ಬರಲಿ. ಸಂಗೀತ ಮತ್ತು ಸಾಹಿತ್ಯ ವಿಭಾಗದಲ್ಲಿ ಮಾತ್ರ ಹೊಸತಾಗಿ ಸೇರಿದ ಭಾಗವನ್ನಷ್ಟೇ ಕೇಳಿಸಿ, ಅದಕ್ಕಷ್ಟೇ ಅಂಕ. ಬಹುಪಾಲು ಮರುಸೃಷ್ಟಿಗಳು ಈ ಪರೀಕ್ಷೆಯಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ.

ಅವಧಿ. ಚಿತ್ರಗೀತೆಗೆ ಚಿತ್ರದ ತಾರೀಕು ಹಿಡಿಯಬೇಕೇ ಹೊರತು ಹಾಡಿನದ್ದಲ್ಲ. ರಾಷ್ಟ್ರಪ್ರಶಸ್ತಿಯಲ್ಲಂತೂ ಆ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರಗಳಷ್ಟೇ ಕಣದಲ್ಲಿ. ನವೆಂಬರಿನಲ್ಲಿ ಬಂದು ಮದುವೆ ಮನೆಗಳಲ್ಲೆಲ್ಲ ಕುಣಿಸಿದ ಹಾಡು ಪಟ್ಟಿಯಲ್ಲಿ ಇಲ್ಲವೆಂದರೆ ಮೋಸ ಎನ್ನುವ ಮೊದಲು ಚಿತ್ರ ಯಾವಾಗ ಬಂತು ನೋಡಿ. ಚಿತ್ರವಿಲ್ಲದ ಬಿಡಿ ಪಾಪ್ ಹಾಡಿಗೆ ಮಾತ್ರ ಹಾಡಿನ ಬಿಡುಗಡೆಯೇ ಲೆಕ್ಕ.

ಭಾಷೆ. ‘ಕನ್ನಡದ ಒಂದು ಹಾಡೂ ಇಲ್ಲವಲ್ಲ’ ಎಂಬ ಮಾತು ಪ್ರತಿ ಸಲ ಬರುತ್ತದೆ. ಹಿಂದಿ ಫಿಲ್ಮ್‌ಫೇರ್ ಬಗ್ಗೆ ಆಡಿದರೆ ಅದು ವ್ಯರ್ಥ. ಕನ್ನಡಕ್ಕೆ ದಕ್ಷಿಣದ ಫಿಲ್ಮ್‌ಫೇರ್ ಬೇರೆ ಇದೆ. ರಾಷ್ಟ್ರಪ್ರಶಸ್ತಿಯ ಬಗ್ಗೆ ಆಡಿದರೆ ಅದಕ್ಕೆ ತೂಕವಿದೆ, ಅಲ್ಲಿ ಎಲ್ಲ ಭಾಷೆಗೂ ಒಂದೇ ಗಾಯನ ಪ್ರಶಸ್ತಿ. ‘ಕಾಡು ಕುದುರೆ’ಗೆ ಶಿವಮೊಗ್ಗ ಸುಬ್ಬಣ್ಣ, ‘ಜೀವನ ಚೈತ್ರ’ಕ್ಕೆ ರಾಜ್‌ಕುಮಾರ್, ಗಾನಯೋಗಿ ಪಂಚಾಕ್ಷರ ಗವಾಯಿಯವರ ಚಿತ್ರಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಗೆದ್ದದ್ದು ಅಲ್ಲಿಯೇ. ಯಾವ ಪ್ರಶಸ್ತಿಯ ಮುಂದೆ ಯಾವ ದೂರು ಎಂಬುದನ್ನು ಸರಿಯಾಗಿ ಹೊಂದಿಸಿ.

ಚೀಟಿ

ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ. ಹನ್ನೊಂದು ಮತದಾರರು, ನಾಲ್ಕು ವಿಭಾಗ: 44 ಚೀಟಿ, ಹನ್ನೊಂದು ಹಾಳೆ. ಎರಡು ಹೆಚ್ಚಿಗೆ ಇಟ್ಟುಕೊಳ್ಳಿ, ಚಹಾ ಚೆಲ್ಲುವುದು ಖಂಡಿತ.

ಪ್ರತಿ ಚೀಟಿಯಲ್ಲಿ ಎರಡು ಭಾಗ. ಮೇಲೆ ‘ಸಿಗಬೇಕು’: ಐದು ಹಾಡಿನ ಹೆಸರು, ಮುಂದೆ 1ರಿಂದ 5ರ ಸ್ಥಾನ. ಕೆಳಗೆ ‘ಸಿಗುತ್ತದೆ’: ಒಂದೇ ಹೆಸರು. ಈ ಎರಡನ್ನು ಬೇರೆ ಮಾಡದೆ ಹೋದರೆ ಸಂಜೆಯೆಲ್ಲ ಹಾಳು. ‘ಅವನಿಗೇ ಕೊಡ್ತಾರೆ ಬಿಡಿ’ ಎನ್ನುವವರು ತಮ್ಮ ಮೆಚ್ಚುಗೆಯನ್ನು ಹೇಳುತ್ತಿಲ್ಲ, ಭವಿಷ್ಯ ಹೇಳುತ್ತಿದ್ದಾರೆ. ಕುಮಾರ್ ಸಾನು 1991ರಿಂದ 1995ರವರೆಗೆ, ಅರಿಜಿತ್ ಸಿಂಗ್ 2016ರಿಂದ 2020ರವರೆಗೆ ಸತತ ಐದೈದು ಸಲ ಫಿಲ್ಮ್‌ಫೇರ್ ಗೆದ್ದವರು. ಅಂಥ ಕಾಲದಲ್ಲಿ ಭವಿಷ್ಯ ಹೇಳುವುದು ಸುಲಭ, ಹಾಡು ಕೇಳಿ ತೂಗುವುದು ಕಷ್ಟ. ಎರಡಕ್ಕೂ ಜಾಗ ಕೊಟ್ಟುಬಿಟ್ಟರೆ ಭವಿಷ್ಯಗಾರರು ಕೆಳಗಿನ ಭಾಗ ತುಂಬಿ ಸುಮ್ಮನಾಗುತ್ತಾರೆ.

ವಾಟ್ಸಾಪ್ ಪೋಲ್ ಬೇಡ. ಯಾರು ಯಾವುದಕ್ಕೆ ಒತ್ತಿದರು ಎಂಬುದು ಎಲ್ಲರಿಗೂ ಕಾಣುತ್ತದೆ, ಒತ್ತಿದ್ದನ್ನು ಬದಲಿಸಬಹುದು, ಒಂದಕ್ಕಿಂತ ಹೆಚ್ಚು ಉತ್ತರ ಒಪ್ಪುವ ಸೌಲಭ್ಯವನ್ನು ಆಫ್ ಮಾಡುವುದು ಹೆಚ್ಚಿನವರಿಗೆ ಮರೆತೇ ಹೋಗುತ್ತದೆ. ಮೊದಲ ನಾಲ್ಕು ಮತ ಒಂದೇ ಕಡೆ ಬಿದ್ದರೆ ಉಳಿದವರು ಅತ್ತಲೇ ವಾಲುತ್ತಾರೆ. ಅದರಲ್ಲೂ ಆ ನಾಲ್ವರಲ್ಲಿ ಒಬ್ಬರು ಮಾವನೋ ದೊಡ್ಡಪ್ಪನೋ ಆಗಿದ್ದರೆ ಕೇಳುವುದೇ ಬೇಡ.

ಕೇಳಿಸುವ ಕ್ರಮ

ಒಂದೇ ಹಾಡು ಎರಡು ಮೂರು ವಿಭಾಗದಲ್ಲಿ ಇರುವುದರಿಂದ ನಾಲ್ಕು ವಿಭಾಗಕ್ಕೆ ಕೇಳಬೇಕಾದದ್ದು ಹದಿಮೂರರ ಆಸುಪಾಸು ಹಾಡು. ನಾಲ್ಕು ನಿಮಿಷದಂತೆ 52 ನಿಮಿಷ. ಒಂದೊಂದು ವಿಭಾಗದ ಚರ್ಚೆಗೆ ಇಪ್ಪತ್ತು, ಎಣಿಕೆಗೆ ಐದು, ನಡುವೆ ಚಹಾಕ್ಕೆ ಹದಿನೈದು. ಒಟ್ಟು 167 ನಿಮಿಷ. ಮೊದಲಿನ ತಲೆಬರಹದ ಕೆಲಸ ಸೇರಿದರೆ ಮೂರು ಗಂಟೆ ಬಿಗಿಯಾಗಿ ತುಂಬುತ್ತದೆ. ಹಾಡು ನಡೆಯುವಾಗ ಚಕ್ಕುಲಿ, ವೇಫರ್ ಬೇಡ. ಗೋಳಿಬಜೆ ಆಗಬಹುದು, ಅದಕ್ಕೆ ಸದ್ದಿಲ್ಲ.

ಎಲ್ಲ ಹಾಡನ್ನೂ ಒಂದೇ ಆ್ಯಪಿನಿಂದ, ಒಂದೇ ಸ್ಪೀಕರಿನಲ್ಲಿ ಹಾಕಿ. ಮುಖ್ಯವಾದದ್ದು ಜೋರಿನ ಸಮಾನತೆ. ಎರಡು ಹಾಡಿನಲ್ಲಿ ಒಂದು ಬರೀ 1 ಡೆಸಿಬೆಲ್ ಜೋರಿದ್ದರೂ ಕಿವಿಗೆ ಅದು ‘ಜೋರು’ ಅನಿಸುವುದಿಲ್ಲ, ‘ಚೆನ್ನಾಗಿದೆ’ ಅನಿಸುತ್ತದೆ. ಕುಣಿತದ ಹಾಡುಗಳನ್ನು ಮಾಸ್ಟರಿಂಗ್‌ನಲ್ಲೇ (ಬಿಡುಗಡೆಗೆ ಮುಂಚಿನ ಕೊನೆಯ ಧ್ವನಿ ಹೊಂದಿಕೆಯಲ್ಲೇ) ಒತ್ತಿ ಜೋರು ಮಾಡಿರುತ್ತಾರೆ, ಗಜಲ್ ಛಾಯೆಯದು ಮೆಲ್ಲಗೆ ಉಳಿದಿರುತ್ತದೆ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ. ಸ್ಪಾಟಿಫೈ ಆದರೆ ಅದು ಹಾಡುಗಳನ್ನು ಸುಮಾರು −14 ಲಫ್ಸ್ (ಹಾಡಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ. ಆಮೇಲೆ ಮಧ್ಯದ ಕುರ್ಚಿಯ ಮೇಲೆ ಫೋನಿಟ್ಟು ಸೌಂಡ್ ಮೀಟರ್ ಆ್ಯಪಿನಲ್ಲಿ ಪ್ರತಿ ಹಾಡಿನ ಪಲ್ಲವಿಯನ್ನು ಅಳೆದು, 1 ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಷ್ಟು ಏರಿಸಬೇಕು, ಇಳಿಸಬೇಕು ಎಂದು ಪಟ್ಟಿಯಲ್ಲೇ ಗುರುತು ಹಾಕಿ. ಫೋನಿನ ಅಳತೆ ನಿಖರವಲ್ಲದಿದ್ದರೂ ಹಾಡಿನಿಂದ ಹಾಡಿಗೆ ಹೋಲಿಸಲು ಸಾಕು.

ಯೂಟ್ಯೂಬ್ ವಿಡಿಯೊ ಹಾಕಬೇಡಿ. ಟಿವಿಯಲ್ಲಿ ಚಿತ್ರ ಓಡಿದರೆ ಮತ ಬೀಳುವುದು ನಾಯಕಿಯ ಸೀರೆಗೆ. ಹಾಡುಗಳನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿ, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಆಮೇಲೆ ಬ್ಲೂಟೂತ್ ಒಂದನ್ನೇ ಆನ್ ಮಾಡಿ; ಇಲ್ಲವಾದರೆ ಚರಣದ ನಡುವೆ ಯಾರದೋ ಕರೆ. ಪ್ರತಿ ಹಾಡಿನ ಅವಧಿಯನ್ನೂ ನಾಮಿನೇಶನ್ ಆದ ಆವೃತ್ತಿಯೊಂದಿಗೆ ತಾಳೆ ನೋಡಿ. ಒಂದೇ ಹೆಸರಿನಲ್ಲಿ ರಿಪ್ರೈಸ್, ಲೋ-ಫೈ, ಅನ್‌ಪ್ಲಗ್ಡ್, ಸ್ತ್ರೀದನಿಯ ಆವೃತ್ತಿ ಎಲ್ಲ ಸಿಗುತ್ತವೆ. ತಪ್ಪು ಆವೃತ್ತಿ ಹಾಕಿ ತಪ್ಪು ಗಾಯಕರನ್ನು ಗೆಲ್ಲಿಸಿದರೆ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ.

ಅನುಕ್ರಮವೂ ಲೆಕ್ಕಕ್ಕೆ ಬರುತ್ತದೆ. ಮೊದಲ ಮತ್ತು ಕೊನೆಯ ಹಾಡು ನೆನಪಿನಲ್ಲಿ ಉಳಿಯುತ್ತವೆ, ನಡುವಿನವು ಸೊರಗುತ್ತವೆ. ಚೀಟಿ ಎತ್ತಿ ಕ್ರಮ ನಿರ್ಧರಿಸಿ, ಮತ ಹಾಕುವ ಮೊದಲು ಅದೇ ಐದರ ಪಲ್ಲವಿಗಳನ್ನು ಹಿಂದುಮುಂದಾಗಿ ಇಪ್ಪತ್ತು ಇಪ್ಪತ್ತು ಸೆಕೆಂಡು ಮತ್ತೆ ಕೇಳಿಸಿ. ಇದರ ಎರಡು ನಿಮಿಷ ಚರ್ಚೆಯ ಇಪ್ಪತ್ತರಲ್ಲೇ ಸೇರಿದೆ.

ಸಾಹಿತ್ಯ ವಿಭಾಗಕ್ಕೆ ಸಿದ್ಧತೆ ಬೇರೆ. ಹಿಂದಿ ಹಾಡಿನಲ್ಲಿ ಈಗ ಅರ್ಧ ಪಂಜಾಬಿ. ಹಾಡಿಕೊಂಡು ತಿರುಗುವ ಎಷ್ಟೋ ಜನಕ್ಕೆ ಅರ್ಥ ಗೊತ್ತಿರುವುದಿಲ್ಲ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು, ಗೊತ್ತಿಲ್ಲದ ಪದಗಳ ಅರ್ಥ ಪಕ್ಕದಲ್ಲಿ ಹಾಕಿ, ಜೆರಾಕ್ಸ್ ಮಾಡಿಸಿ ಹಂಚಿ. ಮೊದಲು ಒಬ್ಬರು ರಾಗವಿಲ್ಲದೆ ಓದಲಿ, ಆಮೇಲೆ ಹಾಡು. ಓದಿದಾಗ ಸಪ್ಪೆಯೆನಿಸಿ ಹಾಡಿದಾಗ ಹೊಳೆದರೆ ಆ ಹೊಳಪು ಸಂಗೀತದ್ದು; ಅಂಕ ಅಲ್ಲಿಗೆ ಹೋಗಬೇಕು. ಭಾವಗೀತೆ ಕೇಳಿ ಬೆಳೆದ ಕಿವಿಗೆ ಈ ವ್ಯತ್ಯಾಸ ಬೇಗ ಸಿಗುತ್ತದೆ.

ವಾದಕ್ಕೆ ಎರಡು ನಿಮಿಷ

ಹಾಡಿನ ಪರವಾಗಿ ಒಬ್ಬರಿಗೆ ಎರಡು ನಿಮಿಷ, ವಿರುದ್ಧ ಒಬ್ಬರಿಗೆ ಒಂದು. ಐದು ಹಾಡಿಗೆ ಹದಿನೈದು. ಷರತ್ತು ಒಂದೇ: ಹಾಡಿನೊಳಗಿನ ಒಂದು ಜಾಗವನ್ನು ನಿಮಿಷ, ಸೆಕೆಂಡು ಸಮೇತ ತೋರಿಸಬೇಕು. ‘ಫೀಲ್ ಇದೆ’ ಎಂದರೆ ನಿರ್ವಾಹಕರು ‘ಎಲ್ಲಿ?’ ಎನ್ನಬೇಕು. ಎರಡನೆಯ ಚರಣದ ಕೊನೆಯಲ್ಲಿ ಉಸಿರು ಹಿಡಿದು ಪಲ್ಲವಿಗೆ ಇಳಿಯುವ ಕಡೆ, ತಾರಸ್ಥಾಯಿಯಲ್ಲಿ ದನಿ ತೆಳುವಾಗದೆ ನಿಂತ ಕಡೆ, ಮುರ್ಕಿ (ಸ್ವರಗಳ ಚುರುಕಾದ ಸಣ್ಣ ಸುತ್ತು) ಹಾಕಿ ಶಬ್ದ ಕೆಡಿಸದ ಕಡೆ, ಬಿಟ್ಟ ಮೌನದ ಕಡೆ. ತೋರಿಸಲು ಸಿಗದಿದ್ದರೆ ಆ ವಾದ ಅಲ್ಲಿಗೆ ಮುಗಿಯಿತು.

‘ಆಟೋಟ್ಯೂನ್’ ಎಂಬ ಬೈಗುಳವನ್ನು ಸಡಿಲವಾಗಿ ಬಳಸಲು ಬಿಡಬೇಡಿ. ಸ್ಟುಡಿಯೊದಲ್ಲಿ ಶ್ರುತಿ ತಿದ್ದುವುದು ಈಗ ಹೆಚ್ಚುಕಡಿಮೆ ಎಲ್ಲ ಹಾಡಿಗೂ ನಡೆಯುತ್ತದೆ. ಕೇಳಬೇಕಾದದ್ದು ತಿದ್ದಿದ ಗುರುತು ಕಾಣುತ್ತದೆಯೇ ಎಂದು: ಒಂದು ಸ್ವರದಿಂದ ಇನ್ನೊಂದಕ್ಕೆ ಜಾರದೆ ಮೆಟ್ಟಿಲು ಹಾರಿದಂತೆ ಹೋಗುವುದು, ಉದ್ದ ಸ್ವರದಲ್ಲಿ ಕಂಪನವೇ ಸತ್ತುಹೋಗಿರುವುದು. ಬೇಕೆಂದೇ ಹಾಗೆ ಮಾಡಿದ್ದರೆ ಅದು ವಾದ್ಯದ ಬಣ್ಣವಿದ್ದಂತೆ, ತಪ್ಪಲ್ಲ. ಗಮಕ ಬೇಡುವ ಸಾಲಿನಲ್ಲಿ ಹಾಗಾಗಿದ್ದರೆ ಅಂಕ ಕಳೆಯಿರಿ.

ವೀಕ್ಷಣೆಯ ಸಂಖ್ಯೆ ‘ಸಿಗುತ್ತದೆ’ ಭಾಗಕ್ಕೆ ಮಾತ್ರ ಸಲ್ಲುವ ಸಾಕ್ಷ್ಯ. ಜಾಹೀರಾತು ಕೊಟ್ಟು ವೀಕ್ಷಣೆ ಹೆಚ್ಚಿಸಬಹುದು. ರೀಲ್ಸ್‌ನಲ್ಲಿ ಓಡುವುದು ಹಾಡಿನ ಹದಿನೈದು ಸೆಕೆಂಡು. ‘ನಮ್ಮವರು’ ಎಂಬ ವಾದಕ್ಕೂ ಅದೇ ಬೆಲೆ. ಮೈಸೂರಿನ ವಿಜಯ್ ಪ್ರಕಾಶ್ ಹೆಸರು ಬಂದರೆ ಕೋಣೆ ಚಪ್ಪಾಳೆ ತಟ್ಟುತ್ತದೆ, ತಟ್ಟಲಿ. ಚೀಟಿ ಬರೆಯುವ ಹೊತ್ತಿಗೆ ಅದೇ ಹಾಡನ್ನು ಗುರುತಿಲ್ಲದವರು ಹಾಡಿದ್ದರೆ ಎಷ್ಟನೆಯ ಸ್ಥಾನ ಕೊಡುತ್ತಿದ್ದಿರಿ ಎಂದು ನಿರ್ವಾಹಕರು ಒಮ್ಮೆ ಕೇಳಿಬಿಡಲಿ.

ಒಬ್ಬರದೇ ಎರಡು ಮೂರು ಹಾಡು ಪಟ್ಟಿಯಲ್ಲಿದ್ದರೆ ಏನು? 1985ರ ಫಿಲ್ಮ್‌ಫೇರ್‌ನಲ್ಲಿ ಗಾಯಕರ ವಿಭಾಗದ ನಾಲ್ಕೂ ನಾಮಿನೇಶನ್ ಕಿಶೋರ್ ಕುಮಾರ್ ಒಬ್ಬರದೇ, ನಾಲ್ಕೂ ‘ಶರಾಬಿ’ಯವು. ಒಂದೇ ಹೆಸರು ಬರೆಯುವ ಮತದಾನದಲ್ಲಿ ಎರಡು ಹಾಡಿರುವ ಗಾಯಕರ ಮತ ಒಡೆದು ಮೂರನೆಯವರು ಗೆದ್ದುಬಿಡಬಹುದು. ಸ್ಥಾನ ಕೊಡುವ ಚೀಟಿಯಲ್ಲಿ ಆ ತೊಂದರೆ ಕಡಿಮೆ. ನಿಮ್ಮದೇ ಬದಲಿ ಪಟ್ಟಿ ಮಾಡುವುದಾದರೆ ಒಬ್ಬರಿಗೆ ಹೆಚ್ಚೆಂದರೆ ಎರಡು ಎಂಬ ಮಿತಿ ಇಡಿ.

ಎಣಿಕೆ: ಇಲ್ಲಿಯೇ ಜಗಳ ಹುಟ್ಟುವುದು

ಎಣಿಸುವ ವಿಧಾನವನ್ನು ಮತ ಹಾಕುವ ಮೊದಲೇ ಗೋಡೆಗೆ ಅಂಟಿಸಿ. ಯಾಕೆಂದರೆ ಅವೇ ಚೀಟಿಗಳಿಂದ ಬೇರೆ ಬೇರೆ ಹಾಡನ್ನು ಗೆಲ್ಲಿಸಬಹುದು. ಸುಲಭವಾಗಲೆಂದು ಮೂರೇ ಹಾಡು ಹಿಡಿಯೋಣ: ಅ, ಆ, ಇ. ಹನ್ನೊಂದು ಚೀಟಿ ಹೀಗಿವೆ ಅನ್ನಿ. ಐದು ಜನ ಅ, ಇ, ಆ ಎಂಬ ಕ್ರಮದಲ್ಲಿ ಬರೆದಿದ್ದಾರೆ. ನಾಲ್ಕು ಜನ ಆ, ಇ, ಅ. ಇಬ್ಬರು ಇ, ಆ, ಅ.

ಮೊದಲ ಸ್ಥಾನ ಮಾತ್ರ ಎಣಿಸಿದರೆ 5, 4, 2, ಗೆದ್ದದ್ದು ಅ. ಕಡಿಮೆ ಮತದ ಹಾಡನ್ನು ತೆಗೆದು ಅದರ ಚೀಟಿಗಳನ್ನು ಮುಂದಿನ ಆಯ್ಕೆಗೆ ಕೊಟ್ಟರೆ, ಇ ಹೊರಗೆ ಹೋಗಿ ಅದರ ಎರಡು ಮತ ‘ಆ’ ಕಡೆ ಬಂದು 6–5ರಲ್ಲಿ ಗೆದ್ದದ್ದು ‘ಆ’. ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ ಕೊಟ್ಟರೆ ಅ 21, ಆ 21, ಇ 24, ಗೆದ್ದದ್ದು ಇ. ಯಾರೂ ಮೋಸ ಮಾಡಿಲ್ಲ, ಒಂದು ಚೀಟಿಯೂ ಬದಲಾಗಿಲ್ಲ.

ಮೂರರಲ್ಲಿ ಅಂಕದ ವಿಧಾನವೇ ಇಂಥ ಕೂಟಕ್ಕೆ ಒಳ್ಳೆಯದು. ಮೇಲಿನ ಲೆಕ್ಕದಲ್ಲೇ ನೋಡಿ: ಅ ಹಾಡನ್ನು ಆರು ಜನ ಕೊನೆಗೆ ಹಾಕಿದ್ದಾರೆ, ಇ ಹಾಡನ್ನು ಕೊನೆಗೆ ಹಾಕಿದವರು ಒಬ್ಬರೂ ಇಲ್ಲ. ಐದು ಹಾಡಿಗೆ 5, 4, 3, 2, 1 ಅಂಕ. ಒಂದು ಚೀಟಿಗೆ 15, ಹನ್ನೊಂದಕ್ಕೆ 165. ಐದೂ ಹಾಡಿನ ಮೊತ್ತ ಕೂಡಿದಾಗ 165 ಬರದಿದ್ದರೆ ಯಾರೋ ಒಂದೇ ಸ್ಥಾನವನ್ನು ಎರಡು ಹಾಡಿಗೆ ಬರೆದಿದ್ದಾರೆ, ಇಲ್ಲವೇ ಎಣಿಸಿದವರು ಕೆಲವು ಹಾಡಿಗೆ ಸ್ಥಾನವನ್ನೇ ಅಂಕವೆಂದು ಕೂಡಿದ್ದಾರೆ. ಎರಡನೆಯ ತಪ್ಪು ಮೊತ್ತದಲ್ಲಿ ಸಿಕ್ಕಿಬೀಳದೆಯೂ ಹೋಗಬಹುದು. ಎಲ್ಲ ಚೀಟಿಯಲ್ಲೂ ಉಲ್ಟಾ ಕೂಡಿದರೂ 165 ಬರುತ್ತದೆ, ಕೊನೆಯ ಹಾಡು ಮೊದಲಾಗುತ್ತದೆ. ಅದಕ್ಕೆ ಒಬ್ಬರು ಓದಲಿ, ಒಬ್ಬರು ಬರೆಯಲಿ, ಮೂರನೆಯವರು ನೋಡುತ್ತಿರಲಿ.

ಈ ವಿಧಾನಕ್ಕೂ ಒಂದು ಕಳ್ಳದಾರಿ ಇದೆ. ತಮ್ಮ ಹಾಡಿಗೆ ನಿಜವಾದ ಪೈಪೋಟಿ ಯಾವುದೆಂದು ಗೊತ್ತಾದರೆ ಅದನ್ನು ಬೇಕೆಂದೇ ಐದನೆಯ ಸ್ಥಾನಕ್ಕೆ ತಳ್ಳುವವರು ಇರುತ್ತಾರೆ. ಆದ್ದರಿಂದ ಕೈ ಎತ್ತಿಸಿ ಒಲವು ಕೇಳುವುದು, ‘ಯಾವುದು ಮುಂದಿದೆ’ ಎಂದು ನಡುವೆ ಹೇಳುವುದು ಎರಡೂ ಬೇಡ. ನಾಲ್ಕು ವಿಭಾಗದ ಚೀಟಿಯೂ ಡಬ್ಬಿಗೆ ಬಿದ್ದ ಮೇಲೆ ಒಟ್ಟಿಗೆ ಎಣಿಸಿ.

ಸಮ ಬಂದರೆ, ಆ ಎರಡು ಹಾಡನ್ನಷ್ಟೇ ಹಿಡಿದು ಎಷ್ಟು ಚೀಟಿಯಲ್ಲಿ ಯಾವುದು ಮೇಲಿದೆ ಎಂದು ನೋಡಿ. ಮತದಾರರು ಬೆಸಸಂಖ್ಯೆಯಲ್ಲಿ ಇರುವುದರಿಂದ ಅಲ್ಲಿ ಮತ್ತೆ ಸಮ ಬರುವಂತಿಲ್ಲ. ನಿರ್ವಾಹಕರ ಮತಕ್ಕೆ ಬಿಡುವುದು ಇನ್ನೊಂದು ದಾರಿ. 1992ರ ಚಿತ್ರಗಳ ರಾಷ್ಟ್ರಪ್ರಶಸ್ತಿಯಲ್ಲಿ ಇಳಯರಾಜಾ ಮತ್ತು ಆಗಷ್ಟೇ ಬಂದಿದ್ದ ಎ.ಆರ್. ರೆಹಮಾನ್ ಸಮನಾದಾಗ ತೀರ್ಪುಗಾರರ ಅಧ್ಯಕ್ಷ ಬಾಲು ಮಹೇಂದ್ರ ಅವರ ಮತ ‘ರೋಜಾ’ದ ಕಡೆ ಬಿತ್ತು. ಅಷ್ಟು ಭಾರ ಹೊರುವ ನಿರ್ವಾಹಕರು ನಿಮ್ಮಲ್ಲಿದ್ದರೆ ಸರಿ. ಇಲ್ಲದಿದ್ದರೆ ಮರಳಿ ಡೊಂಬಿವಲಿಗೆ ಒಂದೇ ರೈಲು ಡಬ್ಬಿಯಲ್ಲಿ ಹೋಗುವುದು ಕಷ್ಟವಾದೀತು.

ಪಟ್ಟಿಯಲ್ಲಿ ಇಲ್ಲದ ಹಾಡು

ಮೂರು ಗಂಟೆಯ ಲೆಕ್ಕ ಮುಗಿದ ಮೇಲಿನ ಹತ್ತು ನಿಮಿಷ ಇದಕ್ಕೆಂದು ಮೀಸಲಿಡಿ, ಮೊದಲೇ ಬಿಟ್ಟರೆ ಇದೇ ಎಲ್ಲವನ್ನೂ ನುಂಗುತ್ತದೆ. 1973ರಲ್ಲಿ ಫಿಲ್ಮ್‌ಫೇರ್ ಸಂಗೀತ ಪ್ರಶಸ್ತಿ ‘ಬೇಈಮಾನ್’ಗೆ ಹೋಗಿ, ‘ಪಾಕೀಜಾ’ದ ಗುಲಾಮ್ ಮೊಹಮ್ಮದ್‌ಗೆ ಸಿಗಲಿಲ್ಲವೆಂದು ಸಿಟ್ಟಾದ ಪ್ರಾಣ್, ಅದೇ ‘ಬೇಈಮಾನ್’ಗೆ ತಮಗೆ ಬಂದಿದ್ದ ಪೋಷಕ ನಟ ಪ್ರಶಸ್ತಿಯನ್ನು ಒಲ್ಲೆನೆಂದರು. ಗುಲಾಮ್ ಮೊಹಮ್ಮದ್ ತೀರಿಕೊಂಡು ಆಗ ವರ್ಷಗಳಾಗಿದ್ದವು. ಬಿಟ್ಟುಹೋದ ಹಾಡಿನ ಪರ ಮಾತಾಡುವವರಿಗೆ ಅಷ್ಟು ತ್ಯಾಗ ಬೇಡ, ಒಂದು ಷರತ್ತು ಸಾಕು: ಸೇರಿಸಬೇಕಾದ ಹಾಡಿನ ಜತೆಗೆ ಐದರಲ್ಲಿ ತೆಗೆಯಬೇಕಾದ ಹಾಡನ್ನೂ ಹೇಳಬೇಕು, ಇನ್ನೊಬ್ಬರ ಅನುಮೋದನೆ ಇರಬೇಕು. ‘ಇದೂ ಇರಬೇಕಿತ್ತು’ ಎನ್ನುವ ಇಪ್ಪತ್ತು ಹೆಸರು ಈ ಷರತ್ತಿನ ಮುಂದೆ ಎರಡಕ್ಕೆ ಇಳಿಯುತ್ತವೆ. ಆ ಎರಡನ್ನು ಹಾಕಿ ಕೇಳಿ, ಬದಲಾವಣೆಗೆ ಆರು ಮತ ಬಿದ್ದರೆ ನಿಮ್ಮ ಪಟ್ಟಿಯಲ್ಲಿ ಬದಲಿಸಿ ಬರೆಯಿರಿ.

ಚೀಟಿಗಳ ಮೇಲಿನ ಭಾಗವನ್ನು ಎಣಿಸಿ ಆಯಿತು. ಕೆಳಗಿನ ‘ಸಿಗುತ್ತದೆ’ ಭಾಗವನ್ನು ಕತ್ತರಿಸಿ, ಹಿಂದೆ ಹೆಸರು ಬರೆಸಿ, ಲಕೋಟೆಯಲ್ಲಿ ಹಾಕಿ ಅಂಟಿಸಿ ನಿರ್ವಾಹಕರ ಕೈಗೆ ಕೊಡಿ. ಸಮಾರಂಭದ ರಾತ್ರಿ ಒಡೆದು, ಸರಿ ಊಹೆಗೆ ಒಂದೊಂದು ಅಂಕ. ಎಲ್ಲರಿಗಿಂತ ಕಡಿಮೆ ಬಂದವರು ಮುಂದಿನ ಸಲದ ಗೋಳಿಬಜೆಯ ಖರ್ಚು ಹೊರಬೇಕು, ಜೆರಾಕ್ಸಿನದ್ದೂ ಸೇರಿ.